ಫಸ್ಟ್ ಇಯರ್ ರೈಟಿಂಗ್ ಕೋರ್ಸ್ ರಿವ್ಯೂ: ರೂಲ್ಸ್ ಹನ್ನೊಂದು ಪುಟ, ಕೂತು ಓದ್ಬೇಕಾಗಿರೋದು ಒಂದೂವರೆ ಪುಟ

ಕಾಲೇಜಿಗೆ ಸೇರಿದ ಮೊದಲನೇ ಸೆಮಿಸ್ಟರಲ್ಲೇ ಎಲ್ರೂ ಕಡ್ಡಾಯ ತಗೋಬೇಕಾದ ರೈಟಿಂಗ್ ಕೋರ್ಸ್ ಮುಗಿಸಿದೀನಿ, ಗ್ರೇಡೂ ಬಂದಾಯ್ತು, ಎಲ್ಲ ಇನ್ನೂ ಚೆನ್ನಾಗಿ ನೆನಪಿರುವಾಗ್ಲೇ ಬರೆದುಬಿಡೋಣ ಅಂತ ಕೂತೆ. ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅಂತ ಆಮೇಲೆ ಹೇಳ್ತೀನಿ, ಅದು ಸಣ್ಣ ಕಾರಣ ಅಲ್ಲ.

ಮೊದಲ ಕ್ಲಾಸಲ್ಲಿ ಪಾಠ ಏನೂ ಆಗ್ಲಿಲ್ಲ. 11 ಪುಟದ ಸಿಲಬಸ್ ಕೈಗೆ ಕೊಟ್ರು. ನಾನು ಸಿಲಬಸ್ ಅಂದ್ರೆ ಯಾವ ವಾರ ಯಾವ ಪಾಠ ಅನ್ನೋ ಪಟ್ಟಿ ಅಂದ್ಕೊಂಡಿದ್ದೆ, ಇದ್ರಲ್ಲಿ ಅದು ಕೊನೇ ಎರಡು ಪುಟ ಅಷ್ಟೇ, ಮಿಕ್ಕಿದ್ದೆಲ್ಲ ರೂಲ್ಸು. ಹಾಜರಿಗೆ ಒಂದು, ಲೇಟಾಗಿ ಕೊಟ್ರೆ ಒಂದು, ಇಮೇಲ್ ಹೇಗೆ ಬರೀಬೇಕು, ಫೋನ್ ಎಲ್ಲಿಡಬೇಕು, ಕದ್ದು ಬರೆದ್ರೆ ಏನಾಗತ್ತೆ, ಎಐ ಬಳಸಿದ್ರೆ ಏನಾಗತ್ತೆ. ಮುಂದಿನ ಕ್ಲಾಸಲ್ಲಿ ಆ ಸಿಲಬಸ್ ಮೇಲೇ ಒಂದು ಕ್ವಿಜ್ ಬೇರೆ. ಅವತ್ತು ರಾತ್ರಿ ಓದ್ತಾ ಓದ್ತಾ ಭಯಾನೇ ಆಯ್ತು, ಬರೆಯೋಕೆ ಕಲಿಸೋ ಕೋರ್ಸಿಗೆ ಇಷ್ಟೊಂದು ಶಿಕ್ಷೆ ಯಾಕೆ ಬೇಕು ಅಂತ ಅನ್ನಿಸ್ತು. ಸೆಮಿಸ್ಟರ್ ಮುಗಿದ ಮೇಲೆ ಅದೇ 11 ಪುಟ ಮತ್ತೆ ತೆಗೆದು ಓದಿದೆ. ಈ ಕೋರ್ಸ್ ಹೇಗಿರತ್ತೆ ಅನ್ನೋದೆಲ್ಲ ಅದ್ರಲ್ಲಿ ಒಂದೂವರೆ ಪುಟದಲ್ಲೇ ಇತ್ತು, ಡ್ರಾಫ್ಟ್ ಬಗ್ಗೆ ಬರೆದಿರೋ ಭಾಗದಲ್ಲಿ. ನಾನು ಮೊದಲ ಸಲ ಓದುವಾಗ ಅದನ್ನೇ ಬೇಗ ಬೇಗ ದಾಟಿಬಿಟ್ಟಿದ್ದೆ.

ಕೋರ್ಸಿನ ಲೆಕ್ಕ ಹೇಳ್ಬಿಡ್ತೀನಿ. 15 ವಾರ, ವಾರಕ್ಕೆ ಎರಡು ಕ್ಲಾಸು, ನಾಲ್ಕು ದೊಡ್ಡ ಎಸ್ಸೇ. ಕ್ಲಾಸಲ್ಲಿ ಕೂತ ಪ್ರತಿ ಗಂಟೆಗೆ ಹೊರಗಡೆ ಎರಡು ಗಂಟೆ ಕೆಲಸ ಇರತ್ತೆ ಅಂತ ಸಿಲಬಸ್ಸಲ್ಲೇ ಬರೆದಿತ್ತು, ಅದು ಬರೀ ಹೇಳೋಕೆ ಹೇಳಿದ ಮಾತಲ್ಲ, ಎಸ್ಸೇ ಕೊಡೋ ವಾರ ಅದಕ್ಕಿಂತ ಜಾಸ್ತಿನೇ ಹಿಡೀತು. ಮಾರ್ಕ್ಸ್ ಹೀಗೆ ಹಂಚಿದ್ರು: ಕೊನೇಲಿ ಕೊಡೋ ಪೋರ್ಟ್‌ಫೋಲಿಯೋಗೆ 50%, ಡ್ರಾಫ್ಟು ಮತ್ತೆ ಪೀರ್ ರಿವ್ಯೂಗೆ (ಕ್ಲಾಸ್‌ಮೇಟ್ಸ್ ಒಬ್ಬರ ಡ್ರಾಫ್ಟ್ ಇನ್ನೊಬ್ಬರು ಓದಿ ಅಭಿಪ್ರಾಯ ಹೇಳೋದು) 25%, ಓದಿದ್ದರ ಮೇಲೆ ಬರೆಯೋ ಸಣ್ಣ ಬರಹಗಳಿಗೆ 15%, ಕ್ಲಾಸಲ್ಲಿ ಮಾತಾಡೋದಕ್ಕೆ 10%. ಪರೀಕ್ಷೆ ಅಂತ ಇರ್ಲೇ ಇಲ್ಲ. ಪರೀಕ್ಷೆ ಇಲ್ಲ ಅಂದ್ರೆ ಸುಲಭ ಅಂದ್ಕೊಂಡು ಬಂದವರು ನಮ್ಮ ಸೆಕ್ಷನ್ನಲ್ಲಿ ಸುಮಾರು ಜನ ಇದ್ರು, ಐದನೇ ವಾರದ ಹೊತ್ತಿಗೆ ಅರ್ಧ ಜನ ಬಿಟ್ಟು ಹೋಗೋದಾ ಅಂತ ಯೋಚಿಸ್ತಾ ಇದ್ರು, ಯಾಕಂದ್ರೆ ಇಲ್ಲಿ ಕೊನೇ ವಾರ ನಿದ್ದೆಗೆಟ್ಟು ಓದಿ ಪಾಸಾಗೋಕೆ ದಾರೀನೇ ಇಲ್ಲ.

ಈಗ ಡ್ರಾಫ್ಟ್ ವಿಷಯ. ಪ್ರತಿ ಎಸ್ಸೇಗೂ ಮೊದಲನೇ ಡ್ರಾಫ್ಟ್ ಕೊಡ್ಲೇಬೇಕು, ಅದಕ್ಕೆ ಗ್ರೇಡ್ ಇಲ್ಲ, ಬರೀ ಕಾಮೆಂಟ್ಸ್. ಮೊದಲನೇ ಡ್ರಾಫ್ಟ್ ಕೊಡ್ದೇ ಇದ್ರೆ ಎರಡನೇದನ್ನ ತಗೊಳ್ಳೋದೇ ಇಲ್ಲ. ಎರಡನೇ ಡ್ರಾಫ್ಟಿಗೆ ಒಂದು ತಾತ್ಕಾಲಿಕ ಗ್ರೇಡ್ ಬರತ್ತೆ. ಆಮೇಲೆ ಸೆಮಿಸ್ಟರ್ ಕೊನೇಲಿ ನಾಲ್ಕರಲ್ಲಿ ಮೂರು ಎಸ್ಸೇ ಆರಿಸ್ಕೊಂಡು ಇನ್ನೊಂದ್ಸಲ ತಿದ್ದಿ ಬರೆದು, ಏನೇನು ಬದಲಾಯಿಸಿದೆ ಯಾಕೆ ಬದಲಾಯಿಸಿದೆ ಅಂತ ಎರಡು ಪುಟದ ಒಂದು ಲೆಟರ್ ಜೊತೆ ಕೊಡಬೇಕು. ಅದೇ ಪೋರ್ಟ್‌ಫೋಲಿಯೋ. ಅಂದ್ರೆ ಒಂದೇ ಎಸ್ಸೇನ ಮೂರು ಸಲ ಬರೀತೀವಿ. ಹೊಸ ವಿಷಯ ಸಿಗ್ಲಿ ಅಂತ ಮನಸ್ಸು ಹಾತೊರೀತಿರತ್ತೆ, ಅದೇ ಹಳೇ ಪೇಪರ್ ಮುಂದೆ ಕೂರಬೇಕು.

ಫಸ್ಟ್ ಇಯರವರಿಗೆ ರೈಟಿಂಗ್ ಕೋರ್ಸ್ ಅನ್ನೋದು ಹೊಸದೇನಲ್ಲ, ಹಾರ್ವರ್ಡ್‌ನಲ್ಲಿ 1885 ರ ಹೊತ್ತಿಗೇ ಇಂಗ್ಲಿಷ್ ಎ ಅಂತ ಇತ್ತು, ಆ ಕಾಲದಲ್ಲಿ ಕಾಗುಣಿತ ವ್ಯಾಕರಣದ ತಪ್ಪು ಹಿಡಿಯೋದಕ್ಕೇ ಮುಕ್ಕಾಲು ಗಮನ. ಮುಗಿದು ಕೈಗೆ ಬಂದ ಪೇಪರ್ ಮೇಲೆ ಕೆಂಪು ಶಾಯಿ ಹಾಕೋದ್ರಿಂದ ಯಾರೂ ಬರೆಯೋಕೆ ಕಲಿಯಲ್ಲ, ಬರೀತಾ ಇರುವಾಗ ಜೊತೆಗಿದ್ದು ಕಲಿಸಬೇಕು ಅನ್ನೋ ಮಾತು ಜೋರಾಗಿದ್ದು 1970 ರ ದಶಕದಿಂದ ಈಚೆಗೆ. ನಮ್ಮ ಸಿಲಬಸ್ಸಿನ ಆ ಒಂದೂವರೆ ಪುಟ ಆ ಮಾತಿನ ಫಲಾನೇ. ಇದನ್ನ ಮೇಡಮ್ ಮೊದಲ ದಿನ ಹೇಳಿದ್ದಿದ್ರೆ ನಮ್ಮ ಭಯ ಸ್ವಲ್ಪ ಕಮ್ಮಿ ಆಗಿರೋದು.

ನನ್ನ ಒಂದು ಎಸ್ಸೇ ಕಥೆ ಹೇಳಿದ್ರೆ ಈ ರೂಲ್ ಹೇಗೆ ಕೆಲಸ ಮಾಡತ್ತೆ ಅಂತ ಗೊತ್ತಾಗತ್ತೆ. ಎರಡನೇ ಎಸ್ಸೇ, ವಾದ ಮಾಡೋ ಎಸ್ಸೇ. ನಾನು ತಗೊಂಡ ವಿಷಯ ಕಾಲೇಜಲ್ಲಿ ಹಾಜರಿ ಕಡ್ಡಾಯ ಇರಬೇಕಾ ಬೇಡ್ವಾ ಅಂತ. ಮೊದಲನೇ ಡ್ರಾಫ್ಟ್ ಐದು ಪುಟ ಬರೆದೆ. ಒಂದನೇ ಪುಟ ಪೂರ್ತಿ ಶಿಕ್ಷಣದ ಮಹತ್ವ, ಎರಡನೇದ್ರಲ್ಲಿ ಹಾಜರಿ ಅಂದ್ರೇನು ಅಂತ ಡೆಫಿನಿಷನ್ನು. ಮೂರನೇ ಪುಟದ ನಡುವಲ್ಲಿ ಎಲ್ಲೋ ಒಂದು ಕಡೆ, ನನ್ನ ರೂಮ್‌ಮೇಟ್ ರಾತ್ರಿ ಶಿಫ್ಟ್ ಮುಗಿಸಿ ಬೆಳಿಗ್ಗೆ ಆರಕ್ಕೆ ಬಂದು ಎಂಟರ ಕ್ಲಾಸಲ್ಲಿ ಕೂತು ನಿದ್ದೆ ಹೋಗ್ತಾನೆ, ಹಾಜರಿ ಪುಸ್ತಕದ ಪ್ರಕಾರ ಅವನು ಒಂದು ದಿನಾನೂ ತಪ್ಪಿಸಿಕೊಂಡಿಲ್ಲ ಅಂತ ಒಂದೇ ಒಂದು ವಾಕ್ಯ ಬರೆದಿದ್ದೆ. ಡ್ರಾಫ್ಟ್ ವಾಪಸ್ ಬಂದಾಗ ಮೊದಲೆರಡು ಪುಟದಲ್ಲಿ ಒಂದೇ ಒಂದು ಗುರುತೂ ಇರ್ಲಿಲ್ಲ, ಎಲ್ಲ ಸರಿ ಇದೆ ಅಂತ ಖುಷಿಯಾಗಿ ಪುಟ ತಿರುಗಿಸಿದೆ. ಆ ರೂಮ್‌ಮೇಟ್ ವಾಕ್ಯದ ಸುತ್ತ ಪೆನ್ಸಿಲ್ಲಲ್ಲಿ ಒಂದು ಬಾಕ್ಸ್, ಪಕ್ಕದಲ್ಲಿ "ನಿನ್ನ ಎಸ್ಸೇ ಶುರುವಾಗೋದು ಇಲ್ಲಿಂದ" ಅಂತ.

ಬೇಜಾರಾಯ್ತು, ಸುಳ್ಳು ಹೇಳಲ್ಲ. ಎರಡೂವರೆ ಪುಟ ಬರೆಯೋಕೆ ಒಂದು ಇಡೀ ಭಾನುವಾರ ಹೋಗಿತ್ತು. ಅದೇ ಡ್ರಾಫ್ಟಿಗೆ ಗ್ರೇಡ್ ಹಾಕಿದ್ದಿದ್ರೆ ನಾನು ಗ್ರೇಡ್ ಎಷ್ಟು ಅಂತ ನೋಡಿ ಪೇಪರ್ ಬ್ಯಾಗಿಗೆ ತುರುಕಿ ಮರೆತುಬಿಡ್ತಿದ್ದೆ, ಗ್ರೇಡ್ ಇಲ್ಲ ಅನ್ನೋ ಕಾರಣಕ್ಕೇ ಕಾಮೆಂಟ್ ಓದ್ಬೇಕಾಗಿ ಬಂತು. ಮೊದಲೆರಡು ಪುಟ ಅಳಿಸಿ, ಎಂಟು ಗಂಟೆ ಕ್ಲಾಸಲ್ಲಿ ಕೊನೇ ಬೆಂಚಲ್ಲಿ ಜಾಕೆಟ್ ಮೇಲೆ ತಲೆ ಇಟ್ಟು ಮಲಗಿರೋ ಹುಡುಗನಿಂದ ಶುರು ಮಾಡಿದೆ. ಪೀರ್ ರಿವ್ಯೂ ದಿನ ನನ್ನ ಪಾರ್ಟ್‌ನರ್ ಓದಿ ಒಂದೇ ಪ್ರಶ್ನೆ ಕೇಳಿದ್ಳು, ಕಡ್ಡಾಯ ಇಲ್ದೇ ಇದ್ರೆ ಅವನು ರೂಮಲ್ಲೇ ಮಲಗ್ತಿದ್ದ ಅಷ್ಟೇ ಅಲ್ವಾ, ಅದ್ರಿಂದ ಅವನಿಗೆ ಏನು ಸಿಕ್ತು? ನನ್ನ ಹತ್ರ ಉತ್ತರ ಇರ್ಲಿಲ್ಲ. ಹಾಜರಿ ಬೇಡ ಅಂತ ಶುರುವಾದ ಎಸ್ಸೇ ಮೂರನೇ ಸಲ ಬರೆದಾಗ, ಕೂತಿದ್ದನ್ನ ಎಣಿಸೋ ಬದಲು ಕ್ಲಾಸಲ್ಲಿ ಮಾಡಿದ ಕೆಲಸನ ಎಣಿಸಬೇಕು ಅನ್ನೋ ಕಡೆ ಬಂದು ನಿಂತ್ಕೊಂಡ್ತು. ಥೀಸಿಸ್ ಸ್ಟೇಟ್‌ಮೆಂಟ್, ಅಂದ್ರೆ ಎಸ್ಸೇಯ ಮುಖ್ಯ ವಾದ ಹೇಳೋ ವಾಕ್ಯ, ಮೊದಲೇ ಗಟ್ಟಿ ಮಾಡ್ಕೊಂಡು ಬರೆಯೋಕೆ ಕೂರಬೇಕು ಅಂತ ಶಾಲೇಲಿ ಹೇಳ್ಕೊಟ್ಟಿದ್ರು, ಅದು ಬರೀತಾ ಬರೀತಾ ಬದಲಾಗತ್ತೆ, ಬದಲಾಗೋಕೆ ಟೈಮ್ ಬೇಕು, ಆ ಟೈಮನ್ನ ಈ ಡ್ರಾಫ್ಟ್ ರೂಲು ಒತ್ತಾಯ ಮಾಡಿ ಕೊಡ್ಸತ್ತೆ.

ಪೀರ್ ರಿವ್ಯೂಗೆ ಇನ್ನೊಂದು ರೂಲ್ ಇದೆ, ಅವತ್ತು ಡ್ರಾಫ್ಟ್ ಇಲ್ದೇ ಬಂದ್ರೆ ಕ್ಲಾಸಲ್ಲಿ ಕೂತಿದ್ರೂ ಆಬ್ಸೆಂಟ್. ಮೊದಲನೇ ಎಸ್ಸೇಗೆ ನನಗೇ ಇದು ಬಿತ್ತು, ಪ್ರಿಂಟರ್ ಕೆಟ್ಟಿತ್ತು ಅಂತ ಖಾಲಿ ಕೈಯಲ್ಲಿ ಹೋದೆ, ಮೇಡಮ್ ಕೂಗಾಡ್ಲಿಲ್ಲ ಏನಿಲ್ಲ, ಹಾಜರಿಯಲ್ಲಿ ಮಾತ್ರ ಆಬ್ಸೆಂಟ್ ಹಾಕಿದ್ರು. ತುಂಬ ಅನ್ಯಾಯ ಅನ್ನಿಸ್ತು. ಮೂರನೇ ಎಸ್ಸೇಗೆ ನನ್ನ ಗುಂಪಿನ ಇಬ್ಬರೂ ಡ್ರಾಫ್ಟ್ ತರ್ಲಿಲ್ಲ, ನಾನೊಬ್ಬನೇ ತಂದಿದ್ದೆ, ಮುಕ್ಕಾಲು ಗಂಟೆ ಅವರಿಬ್ರೂ ನನ್ನ ಪೇಪರ್ ಓದಿ ಚೆನ್ನಾಗಿದೆ ಚೆನ್ನಾಗಿದೆ ಅಂದ್ರು, ಅವರ ಬರಹ ಓದಿ ಕಲಿಯೋಕೆ ನನಗೆ ಏನೂ ಸಿಗ್ಲಿಲ್ಲ. ಬೇರೆಯವರ ಪೇಪರಲ್ಲಿ ಎಲ್ಲಿ ದಾರಿ ತಪ್ಪಿದೆ ಅಂತ ನೋಡೋದು ಎಷ್ಟು ಉಪಯೋಗ ಅಂದ್ರೆ, ಅದೇ ತಪ್ಪು ನಮ್ಮ ಪೇಪರಲ್ಲಿ ಕಣ್ಣಿಗೆ ಬೀಳೋಕೆ ಶುರುವಾಗತ್ತೆ. ಹಂಗಾಗಿ ಈ ರೂಲು ಸರಿ ಅಂತಾನೇ ಈಗ ನಾನು ಹೇಳೋದು. ಚೆನ್ನಾಗಿದೆ ಅಂತ ಮಾತ್ರ ಹೇಳೋ ಪಾರ್ಟ್‌ನರ್ ಸಿಕ್ಕಿದ್ರೆ, ಎಲ್ಲಿ ಬೋರಾಯ್ತು, ಎಲ್ಲಿ ಎರಡು ಸಲ ಓದ್ಬೇಕಾಯ್ತು ಅಂತ ನೀವೇ ಕೇಳಿ, ಆಗ ಬಾಯಿ ಬಿಡ್ತಾರೆ.

ಹಾಜರಿ ರೂಲು ಗಟ್ಟಿ. ಮೂರು ಕ್ಲಾಸ್ ತಪ್ಪಿಸ್ಕೋಬಹುದು, ಕಾರಣ ಕೇಳಲ್ಲ, ನಾಲ್ಕನೇದ್ರಿಂದ ಪ್ರತಿಯೊಂದಕ್ಕೂ ಗ್ರೇಡ್ ಒಂದೊಂದು ಮೆಟ್ಟಿಲು ಇಳಿಯತ್ತೆ, ಏಳಾದ್ರೆ ಫೇಲ್. ಕಾರಣ ಕೇಳದೇ ಇರೋದು ನನಗೆ ಇಷ್ಟ ಆಯ್ತು, ಹುಷಾರಿಲ್ಲ ಅಂತ ಡಾಕ್ಟರ್ ಚೀಟಿ ಹುಡುಕ್ಕೊಂಡು ಅಲೆಯೋ ಕೆಲಸ ಇಲ್ಲ, ಮನೇಲಿ ಏನಾಗಿದೆ ಅಂತ ಯಾರ ಮುಂದೇನೂ ಹೇಳ್ಕೋಬೇಕಿಲ್ಲ. ಆದ್ರೆ ಆ ಮೂರನ್ನ ಮೊದಲ ತಿಂಗಳೇ ಖರ್ಚು ಮಾಡಿದವರು ಹನ್ನೆರಡನೇ ವಾರ ಜ್ವರ ಬಂದಾಗ ಒದ್ದಾಡಿದ್ರು, ಉಳಿಸಿಟ್ಕೊಳ್ಳಿ.

ಲೇಟ್ ಸಬ್ಮಿಷನ್ನಿಗೆ ದಿನಕ್ಕೆ 10% ಕಟ್. ಜೊತೆಗೆ ಸೆಮಿಸ್ಟರಿಗೆ ಒಂದೇ ಒಂದು ಸಲ 48 ಗಂಟೆ ಎಕ್ಸ್‌ಟೆನ್ಷನ್ ಕಾರಣ ಹೇಳ್ದೇನೇ ಸಿಗತ್ತೆ, ಡೆಡ್‌ಲೈನ್ ಮುಂಚೆ ಒಂದು ಸಾಲು ಇಮೇಲ್ ಹಾಕಿದ್ರೆ ಸಾಕು. ಡೆಡ್‌ಲೈನ್ ದಾಟಿದ ಮೇಲೆ ಹಾಕಿದ್ರೆ ಇಲ್ಲ. ನನ್ನ ಕ್ಲಾಸ್‌ಮೇಟ್ ಒಬ್ಬ ರಾತ್ರಿ ಹನ್ನೊಂದೂ ಐವತ್ತೊಂಬತ್ತರ ಡೆಡ್‌ಲೈನಿಗೆ ಹನ್ನೆರಡೂ ಐದಕ್ಕೆ ಇಮೇಲ್ ಹಾಕಿ ಕಳ್ಕೊಂಡ. ಇನ್ನೊಂದು ವಿಷಯ, ತಪ್ಪು ಫೈಲ್ ಅಪ್‌ಲೋಡ್ ಆದ್ರೆ ಅದೂ ಲೇಟಿನ ಲೆಕ್ಕಾನೇ, ಅದಕ್ಕೆ ಸಬ್ಮಿಟ್ ಮಾಡಿದ ಮೇಲೆ ಅದೇ ಫೈಲನ್ನ ವಾಪಸ್ ಡೌನ್‌ಲೋಡ್ ಮಾಡಿ ತೆಗೆದು ನೋಡಿ, ಎರಡು ನಿಮಿಷದ ಕೆಲಸ.

ಫಾರ್ಮ್ಯಾಟ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ನಮಗೆ ಎಂಎಲ್ಎ (ಯಾವ ಮಾತು ಎಲ್ಲಿಂದ ತಗೊಂಡ್ವಿ ಅಂತ ತೋರಿಸೋ, ಅಂದ್ರೆ ಸೈಟೇಷನ್ ಹಾಕೋ ಒಂದು ಪದ್ಧತಿ), 2021 ರ ಒಂಬತ್ತನೇ ಆವೃತ್ತಿ, ಸುತ್ತ ಒಂದಿಂಚು ಮಾರ್ಜಿನ್, ಡಬಲ್ ಸ್ಪೇಸ್. ವಾಕ್ಯದ ಕೊನೇಲಿ ಲೇಖಕರ ಸರ್‌ನೇಮು ಪುಟದ ನಂಬರು ಹಾಕಬೇಕು, ನಡುವೆ ಕಾಮಾ ಇಲ್ಲ. ಸೈಕಾಲಜಿ ಕ್ಲಾಸಲ್ಲಿ ಎಪಿಎ ಅನ್ನೋ ಇನ್ನೊಂದು ಪದ್ಧತಿ ಕೇಳ್ತಾರೆ, ಅಲ್ಲಿ ಸರ್‌ನೇಮು ಕಾಮಾ ವರ್ಷ. ಎರಡೂ ಒಟ್ಟಿಗೆ ನಡೀತಿದ್ರೆ ಗೊಂದಲ ಆಗೋದು ಸಹಜ, ಒಂದೊಂದಕ್ಕೆ ಒಂದೊಂದು ಮಾದರಿ ಪುಟ ಪ್ರಿಂಟ್ ಮಾಡಿ ಟೇಬಲ್ ಮೇಲೆ ಅಂಟಿಸ್ಕೊಂಡೆ, ಸಾಕಾಯ್ತು. ಆನ್‌ಲೈನ್ ಸೈಟೇಷನ್ ಮಷೀನುಗಳು ಕೊಡೋದನ್ನ ಹಂಗೇ ಅಂಟಿಸ್ಬೇಡಿ, ದೊಡ್ಡಕ್ಷರ ಚಿಕ್ಕಕ್ಷರ ತಪ್ಪು ಬರತ್ತೆ, ಲೇಖಕರ ಜಾಗಕ್ಕೆ ವೆಬ್‌ಸೈಟ್ ಹೆಸರು ಕೂತಿರತ್ತೆ.

ಕದ್ದು ಬರೆಯೋದರ ಬಗ್ಗೆ ಇರೋ ಪುಟ ಮಾತ್ರ ಗಮನ ಇಟ್ಟು ಓದಿ. ಇನ್ನೊಬ್ಬರದ್ದನ್ನ ಕಾಪಿ ಪೇಸ್ಟ್ ಮಾಡ್ಬಾರ್ದು ಅನ್ನೋದು ಯಾರಿಗೆ ಗೊತ್ತಿಲ್ಲ. ನನಗೆ ಗೊತ್ತಿಲ್ದೇ ಇದ್ದಿದ್ದು ಪ್ಯಾಚ್‌ರೈಟಿಂಗ್ ಅನ್ನೋದು. ಮೂಲದ ವಾಕ್ಯ ಎದುರಿಗಿಟ್ಕೊಂಡು ಒಂದೊಂದೇ ಪದಕ್ಕೆ ಸಮಾನಾರ್ಥಕ ಹಾಕ್ತಾ ಹೋಗೋದು, ವಾಕ್ಯದ ಮೂಳೆ ಅವರದ್ದೇ, ಮೇಲಿನ ಬಟ್ಟೆ ಮಾತ್ರ ನಮ್ಮದು. ನಾನು ಶಾಲೇಲಿ ಸ್ವಂತ ಮಾತಲ್ಲಿ ಬರೀರಿ ಅಂದಾಗ ಇಷ್ಟು ವರ್ಷ ಮಾಡಿದ್ದು ಅದನ್ನೇ! ಕೆಳಗೆ ಸೈಟೇಷನ್ ಹಾಕಿದ್ರೂ ಅದು ತಪ್ಪೇ ಅಂತ ಮೇಡಮ್ ಹೇಳಿದಾಗ ಕ್ಲಾಸಲ್ಲಿ ಎಷ್ಟೋ ಜನರ ಮುಖ ಸಪ್ಪೆ ಆಯ್ತು. ಅವರು ಹೇಳ್ಕೊಟ್ಟ ದಾರಿ ಸರಳ, ಓದಿ, ಪುಸ್ತಕ ಮುಚ್ಚಿ, ಪಕ್ಕದವರಿಗೆ ಬಾಯಲ್ಲಿ ಹೇಳಿ, ಹೇಳಿದ್ದನ್ನ ಬರೀರಿ, ಆಮೇಲೆ ಪುಸ್ತಕ ತೆಗೆದು ವಿಷಯ ಸರಿ ಇದ್ಯಾ ಅಂತ ಹೋಲಿಸಿ ನೋಡಿ. ಈಗ ಬೇರೆ ಎಲ್ಲಾ ಸಬ್ಜೆಕ್ಟಿಗೂ ನಾನು ಹಂಗೇ ನೋಟ್ಸ್ ಮಾಡೋದು.

ಪೇಪರ್ ಸಬ್ಮಿಟ್ ಮಾಡಿದ ತಕ್ಷಣ ಸಾಫ್ಟ್‌ವೇರ್ ಒಂದು ಸಿಮಿಲಾರಿಟಿ ಪರ್ಸೆಂಟ್ ತೋರಿಸತ್ತೆ. ನನ್ನ ಮೂರನೇ ಎಸ್ಸೇಗೆ 31% ಬಂತು, ಕೈ ಕಾಲು ತಣ್ಣಗಾಯ್ತು. ಮೇಡಮ್ ಹತ್ರ ಓಡಿದೆ, ಅವರು ರಿಪೋರ್ಟ್ ತೆಗೆದು ಒಂದೊಂದೇ ಬಣ್ಣದ ಗೆರೆ ತೋರಿಸಿದ್ರು, ಕೋಟ್ ಮಾರ್ಕ್ ಒಳಗಿರೋ ಸಾಲುಗಳು, ಕೊನೇಲಿ ಹಾಕೋ ವರ್ಕ್ಸ್ ಸೈಟೆಡ್ ಅನ್ನೋ ಆಕರಗಳ ಪಟ್ಟಿ, ಎಲ್ಲರ ಪೇಪರಲ್ಲೂ ಇರೋ ಹೆಡಿಂಗು, ಅವನ್ನ ಬಿಟ್ರೆ ಏನೂ ಉಳೀಲಿಲ್ಲ. ಆ ನಂಬರ್ ಹೇಳೋದು ಬೇರೆ ಕಡೆ ಇರೋದಕ್ಕೆ ಎಷ್ಟು ಹೋಲತ್ತೆ ಅಂತ ಮಾತ್ರ, ಕದ್ದಿದ್ದೋ ಅಲ್ವೋ ಅಂತ ಮನುಷ್ಯರೇ ಕೂತು ನೋಡಬೇಕು. ನಮ್ಮ ಸೆಕ್ಷನ್ನಲ್ಲಿ ನೋಡ್ತಿದ್ರು.

ಈಗ ಕಟ್ ಆದ ಸ್ಟಾರಿನ ವಿಷಯ. ಎಐ ಬಗ್ಗೆ ಸಿಲಬಸ್ಸಲ್ಲಿ ಇದ್ದಿದ್ದು ಒಂದೇ ವಾಕ್ಯ, ಎಐ ಬಳಸೋ ಹಾಗಿಲ್ಲ, ಬಳಸಿದ್ರೆ ಸೊನ್ನೆ. ಅಷ್ಟೇ. ಐಡಿಯಾ ಕೇಳೋದು ಬಳಕೆನಾ? ಗ್ರಾಮರ್ ತಿದ್ದೋ ಟೂಲ್ ಬಳಕೆನಾ? ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಒಂದು ಪದ ಟ್ರಾನ್ಸ್‌ಲೇಟ್ ಮಾಡ್ಕೊಂಡ್ರೆ? ಇಮೇಲ್ ಸಬ್ಜೆಕ್ಟ್ ಲೈನ್ ಹೇಗೆ ಬರೀಬೇಕು ಅನ್ನೋದಕ್ಕೆ ಅರ್ಧ ಪುಟ ಕೊಟ್ಟ ಸಿಲಬಸ್ಸು ಇದಕ್ಕೆ ಒಂದು ಸಾಲು ಕೊಟ್ಟಿತ್ತು. ಬೇರೆ ಸೆಕ್ಷನ್ನಲ್ಲಿದ್ದ ನನ್ನ ಫ್ರೆಂಡ್ ಒಬ್ಳು ಇದ್ರಲ್ಲಿ ಸಿಕ್ಕಾಕ್ಕೊಂಡ್ಳು. ಬರೆದಿದ್ದು ಎಐಯೋ ಮನುಷ್ಯರೋ ಅಂತ ಹೇಳೋ ಡಿಟೆಕ್ಟರ್ ಸಾಫ್ಟ್‌ವೇರ್ ಒಂದು ಅವಳ ಎಸ್ಸೇನ ಎಐ ಬರೆದಿದ್ದು ಅಂತು, ಅವಳ ಇನ್‌ಸ್ಟ್ರಕ್ಟರ್ ಅದನ್ನೇ ನಂಬಿ ಸೊನ್ನೆ ಹಾಕಿದ್ರು, ವಿಚಾರಣೆಗೆ ಕರೆದ್ರು. ಅವಳು ಲೈಬ್ರರೀಲಿ ನನ್ನ ಎದುರಿನ ಕುರ್ಚೀಲಿ ಕೂತು ಆ ಎಸ್ಸೇ ಬರೆದಿದ್ದು ನಾನು ಕಣ್ಣಾರೆ ನೋಡಿದೀನಿ. ನಿಘಂಟು ತೆಗೆದು ಒಂದೊಂದು ಪದಕ್ಕೂ ಒದ್ದಾಡ್ತಿದ್ಳು. ಅವಳಿಗೆ ಇಂಗ್ಲಿಷ್ ಮೂರನೇ ಭಾಷೆ.

ಚಾಟ್‌ಜಿಪಿಟಿ ಬಂದಿದ್ದು 2022 ರ ನವೆಂಬರ್ ಕೊನೇಲಿ. ಅದನ್ನ ಮಾಡಿದ ಓಪನ್‌ಎಐ ತಾನೇ 2023 ರ ಜನವರಿಯಲ್ಲಿ ಒಂದು ಡಿಟೆಕ್ಟರ್ ಬಿಟ್ಟಿತ್ತು, ಅವರದೇ ಪರೀಕ್ಷೆಯಲ್ಲಿ ಅದು ಎಐ ಬರೆದಿದ್ದರಲ್ಲಿ 26% ಮಾತ್ರ ಹಿಡೀತು, ಮನುಷ್ಯರು ಬರೆದಿದ್ದರಲ್ಲಿ 9% ಅನ್ನ ಎಐದು ಅಂತು. ಅದೇ ವರ್ಷ ಜುಲೈನಲ್ಲಿ, ನಿಖರತೆ ಕಮ್ಮಿ ಅಂತ ಅವರೇ ವಾಪಸ್ ತಗೊಂಡ್ರು. ಅದೇ 2023 ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ಬರೆದ 91 ಎಸ್ಸೇಗಳನ್ನ ಏಳು ಡಿಟೆಕ್ಟರುಗಳಿಗೆ ಹಾಕಿ ನೋಡಿದ್ರು, ಸರಾಸರಿ 60% ಗಿಂತ ಜಾಸ್ತಿ ಎಸ್ಸೇಗಳನ್ನ ಅವು ಎಐ ಬರೆದಿದ್ದು ಅಂದವು. ಕಾರಣ ಕೂಡ ಅರ್ಥ ಆಗೋ ಥರಾನೇ ಇದೆ, ಹೊಸದಾಗಿ ಭಾಷೆ ಕಲಿತವರು ಗೊತ್ತಿರೋ ಸರಳ ಪದಗಳನ್ನೇ ಮತ್ತೆ ಮತ್ತೆ ಬಳಸ್ತಾರೆ, ಮುಂದಿನ ಪದ ಯಾವುದು ಅಂತ ಸುಲಭವಾಗಿ ಊಹಿಸಬಹುದಾದ ಬರಹನ ಡಿಟೆಕ್ಟರು ಮಷೀನಿಂದು ಅಂದ್ಕೊಳ್ಳತ್ತೆ. ಕಷ್ಟಪಟ್ಟು ಬರೆದವರಿಗೇ ಹೊಡೆತ ಬೀಳೋದು. ಇಂಥದ್ದನ್ನ ಸಾಕ್ಷಿ ಅಂತ ಇಟ್ಕೊಂಡು ಹದಿನೆಂಟು ವರ್ಷದ ಹುಡುಗಿನ ಕಮಿಟಿ ಮುಂದೆ ಕೂರಿಸಿದ್ದು ನನಗೆ ಈಗ್ಲೂ ಸಿಟ್ಟು ಬರ್ಸತ್ತೆ.

ಅವಳನ್ನ ಉಳಿಸಿದ್ದು ವರ್ಷನ್ ಹಿಸ್ಟರಿ. ಗೂಗಲ್ ಡಾಕ್ಸಲ್ಲಿ ಬರೆದಿದ್ಳು, ಯಾವ ದಿನ ಎಷ್ಟು ಗಂಟೆಗೆ ಯಾವ ಪ್ಯಾರಾ ಬರೆದ್ಳು, ಯಾವ ವಾಕ್ಯ ನಾಲ್ಕು ಸಲ ಅಳಿಸಿ ಬರೆದ್ಳು ಎಲ್ಲ ಅದ್ರಲ್ಲಿತ್ತು, ಕಮಿಟಿಯವರು ನೋಡಿ ಸೊನ್ನೆ ತೆಗೆದ್ರು. ಆದ್ರೆ ಆ ಮೂರು ವಾರ ಅವಳು ಬೇರೆ ಯಾವ ಕ್ಲಾಸಿನ ಕೆಲಸಾನೂ ಮಾಡೋಕಾಗ್ಲಿಲ್ಲ. ಅವಳ ಸೆಕ್ಷನ್ನಲ್ಲಿ ಡ್ರಾಫ್ಟ್ ಕೇಳ್ತಾನೇ ಇರ್ಲಿಲ್ಲ, ಮುಗಿದ ಪೇಪರ್ ಮಾತ್ರ, ಗ್ರೇಡ್ ಹಾಕಿ ವಾಪಸ್. ನಮ್ಮ ಸೆಕ್ಷನ್ನಲ್ಲಿ ಅದೇ ಒಂದು ಸಾಲಿನ ಎಐ ರೂಲ್ ಇದ್ರೂ ಯಾರಿಗೂ ಹಿಂಗಾಗ್ಲಿಲ್ಲ, ನಮ್ಮ ಎಸ್ಸೇ ಹುಟ್ಟಿ ಬೆಳೆದಿದ್ದನ್ನ ಮೇಡಮ್ ಮೂರು ಸಲ ನೋಡಿರ್ತಿದ್ರು, ಹದಿನೈದು ನಿಮಿಷ ಎದುರಿಗೆ ಕೂರಿಸ್ಕೊಂಡು ಮಾತಾಡಿರ್ತಿದ್ರು. ಡಿಟೆಕ್ಟರ್ ಹಾಕಿ ಹುಡುಕೋ ಅಗತ್ಯಾನೇ ಬರ್ಲಿಲ್ಲ.

ಆ ಹದಿನೈದು ನಿಮಿಷಕ್ಕೆ ಕಾನ್ಫರೆನ್ಸ್ ಅಂತಾರೆ, ಸೆಮಿಸ್ಟರಿಗೆ ಎರಡು ಸಲ, ತಪ್ಪಿಸ್ಕೊಂಡ್ರೆ ಎರಡು ಆಬ್ಸೆಂಟ್. ಹೋಗುವಾಗ ಪೇಪರ್ ಹೇಗಿದೆ ಮೇಡಮ್ ಅಂತ ಮಾತ್ರ ಕೇಳಿದ್ರೆ ಟೈಮ್ ವೇಸ್ಟ್. ಎರಡನೇ ಸಲ ನಾನು ಮೂರು ಪ್ರಶ್ನೆ ಚೀಟೀಲಿ ಬರ್ಕೊಂಡು ಹೋದೆ, ನಾಲ್ಕನೇ ಪ್ಯಾರಾ ಎರಡನೇದಕ್ಕಿಂತ ಮುಂಚೆ ಬರ್ಬೇಕಾ ಅನ್ನೋ ಒಂದೇ ಪ್ರಶ್ನೆಗೆ ಹತ್ತು ನಿಮಿಷ ಮಾತಾಡಿದ್ರು, ಆ ಎಸ್ಸೇಗೆ ಬಂದ ಗ್ರೇಡೇ ನನ್ನ ಅತಿ ಒಳ್ಳೇ ಗ್ರೇಡು. ಬರಹಕ್ಕೆ ಸಹಾಯ ಮಾಡೋ ಕಾಲೇಜಿನ ರೈಟಿಂಗ್ ಸೆಂಟರಿಗೂ ಹೋಗಿ, ಆದ್ರೆ ಅಲ್ಲಿ ತಪ್ಪು ತಿದ್ದಿ ಕೊಡ್ತಾರೆ ಅಂದ್ಕೊಂಡು ಹೋಗ್ಬೇಡಿ. ಜೋರಾಗಿ ಓದಿಸ್ತಾರೆ, ಇಲ್ಲಿ ಏನು ಹೇಳೋಕೆ ಹೊರಟಿದ್ದೀಯ ಅಂತ ಕೇಳ್ತಾರೆ, ನಾವು ಬಾಯಲ್ಲಿ ಹೇಳಿದ್ದು ಪೇಪರಲ್ಲಿ ಇರೋದಕ್ಕಿಂತ ಚೆನ್ನಾಗಿರತ್ತೆ, ಅದನ್ನ ಬರೀ ಅಂತಾರೆ.

ಒಂಬತ್ತನೇ ಪುಟದಲ್ಲಿ ಸಣ್ಣದಾಗಿ ಒಂದು ಪ್ಯಾರಾ ಇತ್ತು, ಅಂಗವೈಕಲ್ಯ, ಓದಿನ ತೊಂದರೆ, ಮಾನಸಿಕ ಆರೋಗ್ಯದ ಸಮಸ್ಯೆ ಇರೋರು ಹೆಚ್ಚಿನ ಟೈಮು ಮತ್ತೆ ಬೇರೆ ಅನುಕೂಲ ಕೇಳಬಹುದು ಅಂತ. ಅದು ಕೇಳಿದ ದಿನದಿಂದ ಮುಂದಕ್ಕೆ ಮಾತ್ರ, ಹಿಂದೆ ಕಳ್ಕೊಂಡ ಮಾರ್ಕ್ಸಿಗೆ ಅನ್ವಯ ಆಗಲ್ಲ. ಬೇಕಾದವರು ಸಂಕೋಚ ಬಿಟ್ಟು ಮೊದಲನೇ ವಾರಾನೇ ಕೇಳಿ, ದಯವಿಟ್ಟು.

ಈ ಕೋರ್ಸ್ ಎಲ್ಲಾ ಕಡೆ ಒಂದೇ ಹೆಸರಲ್ಲಿದ್ರೂ ಸೆಕ್ಷನ್ನಿಂದ ಸೆಕ್ಷನ್ನಿಗೆ ಬೇರೇನೇ ಇರತ್ತೆ ಅಂತ ನನ್ನ ಫ್ರೆಂಡ್ ವಿಷಯದಲ್ಲೇ ಗೊತ್ತಾಯ್ತಲ್ಲ. ಸೆಕ್ಷನ್ ಬದಲಾಯಿಸೋಕೆ ನಮಗೆ ಮೊದಲೆರಡು ವಾರ ಟೈಮಿತ್ತು, ನಿಮಗೂ ಸ್ವಲ್ಪ ದಿನ ಇರತ್ತೆ, ತಾರೀಖು ಕೇಳ್ಕೊಳ್ಳಿ. ಮೊದಲ ದಿನ ಸಿಲಬಸ್ ಕೈಗೆ ಬಂದ ತಕ್ಷಣ ಶಿಕ್ಷೆಯ ಪುಟಗಳನ್ನ ಬಿಟ್ಟು ಡ್ರಾಫ್ಟ್ ಅನ್ನೋ ಪದ ಎಲ್ಲೆಲ್ಲಿದೆ ನೋಡಿ, ಅದಕ್ಕೆ ಎಷ್ಟು ಪರ್ಸೆಂಟ್ ಇಟ್ಟಿದಾರೆ, ಯಾರು ಓದ್ತಾರೆ, ವಾಪಸ್ ಬಂದ ಮೇಲೆ ಮತ್ತೆ ಬರೆಯೋಕೆ ಬಿಡ್ತಾರಾ ನೋಡಿ. ಎಐ ರೂಲ್ ಒಂದೇ ಸಾಲಿದ್ರೆ, ಗ್ರಾಮರ್ ಟೂಲು, ಟ್ರಾನ್ಸ್‌ಲೇಷನ್ನು, ಐಡಿಯಾ ಕೇಳೋದು, ಈ ಮೂರರ ಬಗ್ಗೆ ಇಮೇಲಲ್ಲಿ ಕೇಳಿ ಉತ್ತರ ಲಿಖಿತದಲ್ಲಿ ತಗೊಳ್ಳಿ. ಡ್ರಾಫ್ಟ್ ಅನ್ನೋ ಪದ ಒಂದು ಸಲಾನೂ ಸಿಗ್ಲಿಲ್ಲ ಅಂದ್ರೆ, ಕೊನೇ ತಾರೀಖು ದಾಟೋ ಮುಂಚೆ ಬೇರೆ ಸೆಕ್ಷನ್ನಲ್ಲಿ ಸೀಟ್ ಇದ್ಯಾ ಅಂತ ಹೋಗಿ ಕೇಳಿ.